ಎಟಿ-ಎಲ್‌ಪಿ60ಎಕ್ಸ್ ಟರ್ನ್‌ಟೇಬಲ್: ಹುರುಪು ಎಲ್ಲಿ ಸರಿ, ಎಲ್ಲಿ ತಪ್ಪು

ಆಡಿಯೋ-ಟೆಕ್ನಿಕಾದ ಈ ಟರ್ನ್‌ಟೇಬಲ್‌ಗೆ ಐದು ಸ್ಟಾರ್ ಕೊಡುವವರ ಹೊಗಳಿಕೆಯಲ್ಲಿ ಎರಡು ಬಗೆಯ ಮಾತು ಬೆರೆತಿರುತ್ತವೆ. ‘ರೆಕಾರ್ಡ್ ಹಾಕಿ ಕೇಳೋದೇ ಒಂದು ಖುಷಿ’ ಅನ್ನುವುದು ಒಂದು. ಅದನ್ನು ತಪ್ಪು ಅನ್ನುವ ಹಕ್ಕು ಯಾರಿಗೂ ಇಲ್ಲ. ‘ಸಿಡಿಗಿಂತ ರೆಕಾರ್ಡಿನಲ್ಲಿ ವಿವರ ಜಾಸ್ತಿ’ ಅನ್ನುವುದು ಇನ್ನೊಂದು. ಇದನ್ನು ಅಳೆಯಬಹುದು, ಅಳೆದರೆ ಮಾತು ನಿಲ್ಲುವುದಿಲ್ಲ. 1982ರಲ್ಲಿ ಬಂದ ಸಿಡಿಯ 16 ಬಿಟ್ ಧ್ವನಿಯಲ್ಲಿ ಅತಿ ಮೆಲು ಸದ್ದಿಗೂ ಅತಿ ಜೋರು ಸದ್ದಿಗೂ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ಒಳ್ಳೆಯ ಎಲ್‌ಪಿಯಲ್ಲಿ (12 ಇಂಚಿನ ದೊಡ್ಡ ರೆಕಾರ್ಡಿನಲ್ಲಿ) 70ರ ಆಸುಪಾಸು ಸಿಕ್ಕರೆ ಹೆಚ್ಚು.

ಹಾಗಂತ ಎಲ್‌ಪಿಯೇ ಚೆನ್ನಾಗಿ ಕೇಳಿಸಿತು ಅನ್ನುವವರ ಕಿವಿ ಕೆಟ್ಟಿದೆ ಎಂದಲ್ಲ. ಎಷ್ಟೋ ಸಿಡಿಗಳಲ್ಲಿ ಹಾಡು ಜೋರಾಗಿ ಕೇಳಲೆಂದು ಮಾಸ್ಟರಿಂಗ್ (ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ) ಹಂತದಲ್ಲೇ ಸದ್ದಿನ ಏರಿಳಿತವನ್ನು ಹಿಂಡಿಬಿಟ್ಟಿರುತ್ತಾರೆ. ಎಲ್‌ಪಿಗೆ ಬೇರೆ ಮಾಸ್ಟರ್ ಮಾಡಿದ್ದರೆ ಆ ಏರಿಳಿತ ಅಲ್ಲಿ ಉಳಿದಿರುತ್ತದೆ. ಕೇಳಿಸಿದ್ದು ನಿಜ, ಕೊಟ್ಟ ಕಾರಣ ಮಾತ್ರ ತಪ್ಪು.

ಇನ್ನು ಯಂತ್ರದ ವಿಷಯ. ರೆಕಾರ್ಡ್ ಇಡುವ ತಟ್ಟೆಯನ್ನು ತಿರುಗಿಸುವ ಬೆಲ್ಟನ್ನು ಮೋಟರಿನ ಪುಲ್ಲಿಗೆ ಸಿಕ್ಕಿಸುವಾಗ ಅದು ತಿರುಚಿಕೊಳ್ಳಬಾರದು. ಸಿಕ್ಕಿಸಿದ ಮೇಲೆ ತಟ್ಟೆಯನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ. ತಿರುಚಿದ ಬೆಲ್ಟಿನಲ್ಲಿ ವೇಗ ಅಲುಗಾಡಿ ಉದ್ದನೆಯ ಸ್ವರಗಳು ನಡುಗುತ್ತವೆ. ಹಿಂಬದಿಯ ‘ಫೋನೋ/ಲೈನ್’ ಸ್ವಿಚ್ಚಿನಲ್ಲೇ ಹೆಚ್ಚಿನವರು ಎಡವುವುದು. ಆಂಪ್ಲಿಫೈಯರ್‌ನಲ್ಲಿ ‘ಫೋನೋ’ ಇನ್‌ಪುಟ್ ಇದ್ದು ಅದಕ್ಕೇ ಜೋಡಿಸಿದರೆ ಸ್ವಿಚ್ಚೂ ‘ಫೋನೋ’ದಲ್ಲಿರಲಿ, ಇಲ್ಲದಿದ್ದರೆ ‘ಲೈನ್’. ಟರ್ನ್‌ಟೇಬಲ್, ಆಂಪ್ಲಿಫೈಯರ್ ಎರಡೂ ಕಡೆ ಪ್ರಿಆಂಪ್ (ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಕೆಲಸ ಮಾಡಿದರೆ ಸದ್ದು ಒಡೆಯುತ್ತದೆ; ಎಲ್ಲೂ ಮಾಡದಿದ್ದರೆ ಬೇಸ್ ಇಲ್ಲದ ಕ್ಷೀಣ ಸದ್ದು. 7 ಇಂಚಿನ ರೆಕಾರ್ಡ್ ಇಟ್ಟು ಸೈಜ್ ಗುಂಡಿಯನ್ನು 12 ಇಂಚಿನಲ್ಲೇ ಬಿಟ್ಟರೆ ಮುಳ್ಳು ರೆಕಾರ್ಡಿನ ಆಚೆ ಇಳಿಯುತ್ತದೆ, ಹಾಳಾಗುವುದು ಮುಳ್ಳೇ. ಸ್ಪೀಕರನ್ನು ಇದೇ ಮೇಜಿನ ಮೇಲೆ ಇಡಬೇಡಿ. ಅದರ ಕಂಪನ ಮುಳ್ಳಿಗೆ ತಲುಪಿ ಗುಂಯ್‌ಗುಡುತ್ತದೆ.

ದೌರ್ಬಲ್ಯ ಕೇಳಬೇಕೆಂದರೆ ಪ್ರತಿ ಬದಿಯ ಕೊನೆಯ ಹಾಡು ಹಾಕಿ. ಎಲ್‌ಪಿಯ ಒಂದು ಸುತ್ತಿಗೆ ಯಾವಾಗಲೂ 1.8 ಸೆಕೆಂಡೇ. ಆದರೆ ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾದುಹೋದರೆ, ಒಳಗೆ ಹಾದುಹೋಗುವುದು 21 ಮಾತ್ರ. ಅಷ್ಟು ಇಕ್ಕಟ್ಟಿನಲ್ಲಿ ಇದರ ದುಂಡು ತುದಿಯ ಮುಳ್ಳು ಸೂಕ್ಷ್ಮ ತಿರುವುಗಳೊಳಗೆ ಇಳಿಯಲಾರದೆ ‘ಸ’, ‘ಶ’ ಕರಕರ ಅನ್ನುತ್ತವೆ. ಮುಳ್ಳು ರೆಕಾರ್ಡನ್ನು ಒತ್ತುವ ಭಾರವನ್ನು ಹೊಂದಿಸುವಂತಿಲ್ಲ, ಕಾರ್ಟ್ರಿಜ್ (ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸುವಂತಿಲ್ಲ. ಮುಳ್ಳು ಮಾತ್ರ ಬದಲಿಸಬಹುದು, ಕೆಲವು ನೂರು ಗಂಟೆಗಳ ನಂತರ ಬದಲಿಸಲೇಬೇಕು. ಮುಳ್ಳಿನ ತುದಿಯ ಸವೆದ ವಜ್ರ ರೆಕಾರ್ಡನ್ನೇ ಕೆರೆಯುತ್ತದೆ. ಪೊಟ್ಟಣ ಬಿಚ್ಚಿದ ದಿನವೇ ಬರೆದ ಹೊಗಳಿಕೆಯಲ್ಲಿ ಇದು ಇರಲು ಸಾಧ್ಯವೇ ಇಲ್ಲ ಬಿಡಿ.

ಈ ಟರ್ನ್‌ಟೇಬಲ್‌ಗೆ ದುಬಾರಿ ಕೇಬಲ್ ಹುಡುಕುವವರ ಹುರುಪು ಮಾತ್ರ ಖಂಡಿತ ದಾರಿ ತಪ್ಪಿದ್ದು. ಕೇಬಲ್ ಬದಲಿಸಿದರೆ ಮುಳ್ಳಿನ ಆಕಾರ ಬದಲಾಗದು. ಆ ದುಡ್ಡಿಗೆ ಕಾರ್ಬನ್ ಫೈಬರ್ ಬ್ರಷ್ ಮತ್ತು ಒಂದು ಬದಲಿ ಮುಳ್ಳು ತೆಗೆದಿಡಿ. ಗುಂಡಿ ಒತ್ತಿದರೆ ತಾನೇ ಹಾಡಿ ತಾನೇ ನಿಲ್ಲುವ ಯಂತ್ರ ಬೇಕಿದ್ದವರಿಗೆ ಇದು ಸಾಕು. ಭಾರ ಹೊಂದಿಸಿ, ಕಾರ್ಟ್ರಿಜ್ ಬದಲಿಸಿ ನೋಡುವ ಆಸೆ ಇದ್ದವರು ಶುರುವಿಗೇ ಬೇರೆ ಮಾಡೆಲ್ ನೋಡುವುದು ಒಳ್ಳೆಯದು.