ರೂಯಿನ್‌ಸಾರಾ ಸರೋವರಕ್ಕೆ ದುರ್ಗದ ತಂಡದೊಂದಿಗೆ: ಚಾರಣ ಸೇವೆಯ ವಿಮರ್ಶೆ

ಉತ್ತರಾಖಂಡದ ಗೋವಿಂದ ಪಶು ವಿಹಾರ ರಾಷ್ಟ್ರೀಯ ಉದ್ಯಾನದೊಳಗೆ, ಸುಮಾರು 3,500 ಮೀಟರ್ ಎತ್ತರದಲ್ಲಿರುವ ರೂಯಿನ್‌ಸಾರಾ ತಾಲ್ ಎಂಬ ಸರೋವರಕ್ಕೆ ಚಿತ್ರದುರ್ಗದ ಚಾರಣ ತಂಡವೊಂದು ಜನರನ್ನು ಕರೆದೊಯ್ಯುತ್ತದೆ. ದೊಡ್ಡ ಸಂಸ್ಥೆಗಳಿರುವಾಗ ನಮ್ಮೂರಿನ ಸಣ್ಣ ತಂಡವನ್ನು ನೆಚ್ಚಿಕೊಂಡು ಹಿಮಾಲಯಕ್ಕೆ ಹೋಗಬಹುದೇ ಎಂದು ಕೇಳುವವರಿಗೆ, ಧಾರಾಳವಾಗಿ ಹೋಗಬಹುದು ಎಂದೇ ಹೇಳುತ್ತೇನೆ. ಅವರು ಯಾವ ಹಂತದಲ್ಲಿಯೂ ಅವಸರ ಮಾಡುವುದಿಲ್ಲ.

ಹೊರಡುವ ಮುನ್ನ ಭಾನುವಾರಗಳಂದು ಹೆಗಲಿಗೆ ಭಾರದ ಚೀಲ ಹಾಕಿಸಿ ಕೋಟೆಯ ಮೆಟ್ಟಿಲುಗಳನ್ನೂ ಜೋಗಿಮಟ್ಟಿಯ ಏರನ್ನೂ ಹತ್ತಿಸಿದರು. ಇದರಿಂದ ಕಾಲಿಗೆ ಬಲ ಬರುತ್ತದೆಯೇ ಹೊರತು, ಎತ್ತರದ ತೆಳುಗಾಳಿಗೆ ದೇಹ ಒಗ್ಗುವುದು ಅಲ್ಲಿಗೆ ಹೋದ ಮೇಲೆಯೇ ಎಂಬುದನ್ನು ಅವರೇ ಮೊದಲು ತಿಳಿಸಿದ್ದು ನನಗೆ ಮೆಚ್ಚುಗೆಯಾಯಿತು.

ಡೆಹ್ರಾಡೂನಿನಿಂದ ಸಾಂಕ್ರಿ ಎಂಬ ಹಳ್ಳಿಗೆ ಜೀಪಿನಲ್ಲಿ ಹೆಚ್ಚುಕಡಿಮೆ ಇಡೀ ದಿನದ ದಾರಿ. ರೂಪಿನ್ ಮತ್ತು ಸೂಪಿನ್ ನದಿಗಳು ಕೂಡಿ ಟೋನ್ಸ್ ಆಗುವ ನೈಟ್ವಾಡದಲ್ಲಿ ಅರಣ್ಯ ಇಲಾಖೆಯ ಅನುಮತಿಯ ಕೆಲಸವನ್ನೆಲ್ಲ ತಂಡದವರೇ ಮುಗಿಸಿದರು. ತಾಲುಕಾ ಎಂಬ ಹಳ್ಳಿಯಿಂದ ಸೂಪಿನ್ ನದಿಯ ಪಕ್ಕದಲ್ಲಿ ನಡಿಗೆ. ಸೀಮಾ ಎಂಬ ಹಳ್ಳಿ ದಾಟಿದ ಮೇಲೆ ಹೆಚ್ಚಿನವರು ಹರ್ ಕಿ ದೂನ್ ಕಣಿವೆಯ ಕಡೆಗೆ ತಿರುಗುವುದರಿಂದ ನಮ್ಮ ಹಾದಿಯಲ್ಲಿ ಜನರೇ ಇರಲಿಲ್ಲ.

ಈ ಸೇವೆಯ ನಿಜವಾದ ಗುಣ ಕಂಡದ್ದು ಇಲ್ಲಿಂದ ಮುಂದೆ. ಅದೇ ಕಣಿವೆಯ ಹಳ್ಳಿಯವರಾದ ಮಾರ್ಗದರ್ಶಿಯು ಏರಿನಲ್ಲಿ ಪ್ರತಿಯೊಬ್ಬರನ್ನೂ ಮಾತಿಗೆಳೆಯುತ್ತಿದ್ದರು. ಯಾರಿಗಾದರೂ ಒಂದು ವಾಕ್ಯ ಪೂರ್ತಿಗೊಳಿಸುವ ಮೊದಲೇ ಉಸಿರು ಕಟ್ಟಿದರೆ ಇಡೀ ಸಾಲನ್ನು ನಿಲ್ಲಿಸುತ್ತಿದ್ದರು. ದೇವ್ಸು ಹುಲ್ಲುಗಾವಲಿನ ಬಿಡಾರದಲ್ಲಿ ದಾವಣಗೆರೆಯ ಶಿಕ್ಷಕಿಯೊಬ್ಬರಿಗೆ ತಲೆನೋವು, ವಾಕರಿಕೆ ಕಾಣಿಸಿಕೊಂಡಾಗ ನಮ್ಮ ತಂಡದ ಮುಖ್ಯಸ್ಥರು, "ಅಕ್ಕಾ, ಇದು ಕಮ್ಮಿ ಆಗೋವರೆಗೂ ಮೇಲಕ್ಕೆ ಹತ್ತೋದು ಬೇಡ. ಜಾಸ್ತಿ ಆದ್ರೆ ಕೆಳಗೆ ಇಳಿಯೋಣ" ಎಂದು ಮರುದಿನದ ನಡಿಗೆಯನ್ನೇ ಮುಂದೂಡಿದರು. ಅದಕ್ಕಾಗಿ ಒಂದು ದಿನವನ್ನು ಮೊದಲೇ ಉಳಿಸಿಕೊಂಡಿದ್ದರಿಂದ ಯಾರಿಂದಲೂ ಹೆಚ್ಚುವರಿ ಹಣ ಕೇಳಲಿಲ್ಲ. ಎತ್ತರದ ಬಾಧೆಯನ್ನು ಮಾತ್ರೆ ನುಂಗಿಸಿ ಮರೆಮಾಚಿ ಹತ್ತಿಸುವವರೂ ಇರುವ ಈ ಕಾಲದಲ್ಲಿ, ಇದಕ್ಕಿಂತ ದೊಡ್ಡ ಭರವಸೆ ಬೇರೆ ಬೇಕಿಲ್ಲ.

ಸರೋವರ ಚಿಕ್ಕದು. ಗಾಳಿ ನಿಂತಾಗ ಅಂಚಿನ ಕಲ್ಲುಗಳೂ ಆಚೆಯ ಹಿಮಶಿಖರವೂ ನೀರಿನಲ್ಲಿ ಒಟ್ಟಿಗೆ ಮೂಡುತ್ತವೆ. 6,252 ಮೀಟರ್ ಎತ್ತರದ ಸ್ವರ್ಗಾರೋಹಿಣಿಯನ್ನು ಅಷ್ಟು ಹತ್ತಿರದಿಂದ ನೋಡುವಾಗ ಬಂದ ಆಯಾಸವೆಲ್ಲ ಸಾರ್ಥಕವೆನಿಸಿತು. ಸ್ಥಳೀಯರು ಈ ನೀರನ್ನು ಪವಿತ್ರವೆಂದು ಭಾವಿಸುವುದರಿಂದ ಯಾರನ್ನೂ ಇಳಿಯಗೊಡಲಿಲ್ಲ. ಪಾತ್ರೆಗಳನ್ನೂ ದಡದಿಂದ ದೂರ ಒಯ್ದು ತೊಳೆದರು, ಬಿಸ್ಕತ್ತಿನ ಪೊಟ್ಟಣದವರೆಗೆ ಕಸವನ್ನೆಲ್ಲ ಚೀಲದಲ್ಲಿ ಕೆಳಗಿಳಿಸಿದರು.

ಕೊರತೆಗಳೂ ಇವೆ. ಬಾಡಿಗೆಗೆ ತಂದಿದ್ದ ಸ್ಲೀಪಿಂಗ್ ಬ್ಯಾಗುಗಳಲ್ಲಿ ಕೆಲವದರ ಜಿಪ್ ಹಾಳಾಗಿತ್ತು, ಆ ಚಳಿಯಲ್ಲಿ ಅದು ಸಣ್ಣ ವಿಷಯವಲ್ಲ. ಚೀಲ ಹೊರಿಸಲು ಹೇಸರಗತ್ತೆಯ ಶುಲ್ಕ ಬೇರೆ ಎಂಬುದನ್ನು ಹೊರಡುವ ಮೊದಲೇ ಸ್ಪಷ್ಟಪಡಿಸಬೇಕಿತ್ತು. ಊಟ ಬಿಸಿಯಾಗಿತ್ತು, ಸಾಕಷ್ಟಿತ್ತು. ಆದರೂ ಮನೆಯಿಂದ ಶೇಂಗಾ ಚಟ್ನಿಪುಡಿ ಒಯ್ಯುವುದು ಒಳ್ಳೆಯದು. ಹೋಗುವವರು ಮೇ-ಜೂನ್ ಅಥವಾ ಮಳೆ ಹಿಂದೆಗೆದ ನಂತರದ ತಂಡದಲ್ಲಿ ಹೆಸರು ಬರೆಸಿ, ಸ್ಲೀಪಿಂಗ್ ಬ್ಯಾಗನ್ನು ಸಾಂಕ್ರಿಯಲ್ಲಿಯೇ ಬಿಚ್ಚಿ ಪರೀಕ್ಷಿಸಿಕೊಳ್ಳಿ.