ಕೆಟ್ಟ ಔಟ್‌ಬೋರ್ಡಿಗೆ ವಿದ್ಯುತ್ ಮೋಟಾರ್: ಎಂಟು ತಿಂಗಳ ಬಳಕೆಯ ನಂತರ

ಹೊನ್ನಾವರದ ಬಳಿ, ಸಮುದ್ರದ ಉಬ್ಬರ ಏರಿ ಬರುವ ಶರಾವತಿಯಲ್ಲಿ ನಮ್ಮದೊಂದು 16 ಅಡಿಯ ಫೈಬರ್ ದೋಣಿ ಇದೆ. ಅದರ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ, ಎರಡೂವರೆ ಅಶ್ವಶಕ್ತಿಯ ಪೆಟ್ರೋಲ್ ಔಟ್‌ಬೋರ್ಡ್ ರಿಪೇರಿಗೆ ಬಾರದಷ್ಟು ಕೆಟ್ಟಾಗ, ಗೇರು ಮತ್ತು ಪ್ರೊಪೆಲ್ಲರ್ ಇರುವ ಕೆಳಭಾಗವನ್ನು ಉಳಿಸಿಕೊಂಡು, ಎಂಜಿನ್ ಇದ್ದ ಜಾಗದಲ್ಲಿ ವಿದ್ಯುತ್ ಮೋಟಾರ್ ಕೂರಿಸಿದೆ. ಇದಕ್ಕಾಗಿ ಆನ್‌ಲೈನ್‌ನಲ್ಲಿ ತರಿಸಿದ್ದು, ಮೂಲತಃ ಇ-ರಿಕ್ಷಾದಂತಹ ಸಣ್ಣ ವಾಹನಗಳಿಗೆಂದು ಮಾರುವ 48 ವೋಲ್ಟ್, 1,000 ವ್ಯಾಟ್‌ನ ಬ್ರಶ್‌ಲೆಸ್ ಮೋಟಾರಿನ ಕಿಟ್. ಅಕ್ಟೋಬರ್‌ನಿಂದ ಮೇ ತನಕ ಬಳಸಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೋಟಾರ್, ಅದಕ್ಕೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್, ಥ್ರಾಟಲ್ ಮತ್ತು ವೈರುಗಳಿಗೆ 14,000 ರೂಪಾಯಿ ಆಯಿತು. 30 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಮೋಟಾರನ್ನು ಹಳೆಯ ಶಾಫ್ಟಿಗೆ ಜೋಡಿಸಲು ಲೇತ್ ಅಂಗಡಿಯಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟ್ ಮತ್ತು ಕಪ್ಲಿಂಗ್, ಮತ್ತೊಂದು ಪ್ರೊಪೆಲ್ಲರ್ ಎಲ್ಲ ಸೇರಿ ಒಟ್ಟು ಖರ್ಚು 60,000 ದಾಟಲಿಲ್ಲ. ಟಾರ್ಕೀಡೊದಂತಹ ವಿದೇಶಿ ಕಂಪನಿಯ ಸಿದ್ಧ ವಿದ್ಯುತ್ ಔಟ್‌ಬೋರ್ಡಿಗೆ ಇದರ ಹಲವು ಪಟ್ಟು ಕೊಡಬೇಕು.

ಮೋಟಾರಿನ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಗಾಳಿಯಿಂದಲೇ ತಣಿಯುವುದರಿಂದ ಎಂಜಿನ್ನನ್ನು ತಣಿಸುತ್ತಿದ್ದ ಹಳೆಯ ನೀರಿನ ಪಂಪಿನ ಇಂಪೆಲ್ಲರ್ (ರೆಕ್ಕೆಚಕ್ರ) ತೆಗೆದುಹಾಕಿದೆ; ಅಷ್ಟರಮಟ್ಟಿಗೆ ಶಾಫ್ಟಿನ ಹೊರೆಯೂ ಇಳಿಯಿತು. ಆದರೆ ಕಿಟ್ ಮಾರುವವರು ಎಲ್ಲಿಯೂ ಹೇಳದ ಸಂಗತಿಯೊಂದು ಮೊದಲ ದಿನವೇ ಎದುರಾಯಿತು. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತಿತ್ತು, ಈ ಮೋಟಾರ್ ತಿರುಗುವುದು 3,000 ಮಾತ್ರ. ಗೇರು ಅದನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವುದರಿಂದ, 2,500 ಸುತ್ತಿಗೆಂದು ರೂಪಿಸಿದ ಪ್ರೊಪೆಲ್ಲರ್ 1,500ರಲ್ಲಿ ತಿರುಗತೊಡಗಿತು. ಥ್ರಾಟಲ್ ಪೂರ್ತಿ ತಿರುವಿದರೂ ಮೀಟರಿನಲ್ಲಿ 9 ಆಂಪಿಯರ್ ದಾಟಲಿಲ್ಲ, ಅಂದರೆ ಕೊಂಡ ಶಕ್ತಿಯಲ್ಲಿ ಅರ್ಧವೂ ನೀರಿಗೆ ಮುಟ್ಟುತ್ತಿರಲಿಲ್ಲ. ವ್ಯಾಸವೂ ಪಿಚ್ಚೂ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಹೆಚ್ಚಿರುವ ಪ್ರೊಪೆಲ್ಲರ್ ಹುಡುಕಿ ಹಾಕಿದ ಮೇಲೆ ಅದು 20 ಆಂಪಿಯರಿಗೆ ಏರಿತು. ಈ ಕಿಟ್ ಕೊಳ್ಳುವವರು ಮೋಟಾರಿನ ವ್ಯಾಟ್ ನೋಡುವುದಕ್ಕೆ ಮೊದಲು ಅದರ ಸುತ್ತು, ತಮ್ಮ ಗೇರಿನ ಅನುಪಾತ ಮತ್ತು ಪ್ರೊಪೆಲ್ಲರಿನ ಪಿಚ್ ಈ ಮೂರನ್ನೂ ಲೆಕ್ಕ ಹಾಕಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಇಬ್ಬರು ಕುಳಿತಾಗ, ನೀರು ನಿಂತ ಹೊತ್ತಿನಲ್ಲಿ, 400 ವ್ಯಾಟ್‌ಗೆ ಗಂಟೆಗೆ ಐದೂವರೆ ಕಿಲೋಮೀಟರ್, 1,000 ವ್ಯಾಟ್‌ಗೆ ಏಳೂವರೆ ಕಿಲೋಮೀಟರ್ ವೇಗ ಸಿಗುತ್ತದೆ. ಬ್ಯಾಟರಿಯ ಶೇಕಡಾ 80ರಷ್ಟನ್ನು ಮಾತ್ರ ಬಳಸಿದರೆ ಮೊದಲನೆಯದರಲ್ಲಿ ಮೂರು ಗಂಟೆ, ಹದಿನಾರು ಕಿಲೋಮೀಟರ್ ಹೋಗಬಹುದು. ಎರಡನೆಯದರಲ್ಲಿ ಒಂದೂಕಾಲು ಗಂಟೆಯೊಳಗೆ, ಒಂಬತ್ತು ಕಿಲೋಮೀಟರಿಗೇ ಮುಗಿಯುತ್ತದೆ. ಇಳಿತದ ಸೆಳೆತ ಗಂಟೆಗೆ ಮೂರು ಕಿಲೋಮೀಟರ್ ಇದ್ದಾಗ ಅದಕ್ಕೆದುರಾಗಿ ಹೊರಟರೆ ಈ ದೂರ ಅರ್ಧದಷ್ಟಾಗುತ್ತದೆ. ಆದ್ದರಿಂದ ನಾನು ಮೇಲಕ್ಕೆ ಹೋಗುವಾಗ ಉಬ್ಬರವನ್ನೂ ಮರಳುವಾಗ ಇಳಿತವನ್ನೂ ಹಿಡಿಯುತ್ತೇನೆ.

ಕಿಟ್‌ನ ನಿಜವಾದ ದೋಷ ಕಂಟ್ರೋಲರ್. ಜಲನಿರೋಧಕ ಎಂದು ಬರೆದಿದ್ದರೂ, ವೈರುಗಳು ಒಳಹೋಗುವ ಬಾಯಿಗೆ ಸರಿಯಾದ ಸೀಲು ಇರಲಿಲ್ಲ. ಮೂರನೆಯ ತಿಂಗಳಲ್ಲಿ ಉಪ್ಪುನೀರು ಹೊಕ್ಕು, ಮೋಟಾರ್ ಎಷ್ಟು ತಿರುಗಿದೆಯೆಂದು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು, ಮೋಟಾರ್ ಜಗ್ಗಿ ಜಗ್ಗಿ ನಡುಹೊಳೆಯಲ್ಲಿ ನಿಂತುಹೋಯಿತು. ಹುಟ್ಟು ಜೊತೆಗಿದ್ದುದರಿಂದ ದಡ ಸೇರಿದೆವು. ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂಬ ಉತ್ತರ ಬಂದಾಗ ಬೇಸರವಾಯಿತು. ದೋಣಿಗೂ ಸೂಕ್ತವೆಂದು ಜಾಹೀರಾತು ಕೊಟ್ಟ ಮೇಲೆ ಹೀಗೆ ಹೇಳುವುದು ನ್ಯಾಯವಲ್ಲ. ದೋಣಿ ನಡೆಸುವವರು ಆಯತಪ್ಪಿ ನೀರಿಗೆ ಬಿದ್ದರೆ ಮೋಟಾರನ್ನು ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಹಗ್ಗದ ಸ್ವಿಚ್ಚನ್ನೂ ಅವರು ಕೊಟ್ಟಿಲ್ಲ. ಅದನ್ನು ಮತ್ತು ಬ್ಯಾಟರಿಯ ಬಳಿ ಒಂದು ಫ್ಯೂಸನ್ನು ನಾನೇ ಸೇರಿಸಿದೆ.

ಹೊಸ ಕಂಟ್ರೋಲರನ್ನು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಶಾಖ ಹೊರಹೋಗಲೆಂದು ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಿ, ಪ್ರತಿ ವೈರಿಗೂ ರಬ್ಬರ್ ಗ್ಲ್ಯಾಂಡ್ ಹಾಕಿ, ಪಿನ್ನುಗಳಿಗೆ ಗ್ರೀಸ್ ತುಂಬಿದೆ. ಕೆಳಭಾಗದ ಅಲ್ಯೂಮಿನಿಯಂ ಸವೆಯದಂತೆ, ಅದರ ಬದಲು ತಾನು ಸವೆಯುವ ಸತುವಿನ ತುಂಡನ್ನು ಬಿಗಿದು, ಬ್ಯಾಟರಿಯ ಋಣತಂತಿ ಆ ಲೋಹಕ್ಕೆ ಎಲ್ಲಿಯೂ ತಾಗದಂತೆ ನೋಡಿಕೊಂಡಿದ್ದೇನೆ. ಅಲೆಯೆದ್ದ ಅಳಿವೆಯ ಬಾಯಿಗೆ ಮಾತ್ರ ಈ ಮೋಟಾರನ್ನು ಒಯ್ಯುವುದಿಲ್ಲ. ಹೊಳೆಯೊಳಗೆ, ಎರಡನೆಯ ಕಂಟ್ರೋಲರ್ ಐದು ತಿಂಗಳಿಂದ ಒಮ್ಮೆಯೂ ನಿಂತಿಲ್ಲ.