ಆರು ತಿಂಗಳ ಹಣ ಕೊಟ್ಟು ಒಂದು ತಿಂಗಳ ಇಂಟರ್ನೆಟ್ ಪಡೆದೆವು: ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು ದಯವಿಟ್ಟು ಓದಿ

ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಕಡೆ ರೂಮು ಮಾಡಿಕೊಂಡು ಓದುತ್ತಿರುವವರು ಇದನ್ನು ಪೂರ್ತಿ ಓದಿ. "ಆರು ತಿಂಗಳದ್ದು ಒಮ್ಮೆಲೇ ಕಟ್ಟಿಬಿಡಿ ಅಕ್ಕಾ, 3,000 ಸಾಕು, ಸಿನಿಮಾ, ಕ್ರಿಕೆಟ್ ಎಲ್ಲ ಆ್ಯಪ್‌ಗಳೂ ಉಚಿತ" ಎಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಹಣ ಕೊಡಬೇಡಿ. ನಾನು ಕೊಟ್ಟೆ. ನನ್ನದಷ್ಟೇ ಅಲ್ಲ, ಮೂವರು ಗೆಳತಿಯರ ಹಣವನ್ನೂ ನಾನೇ ಮುಂದೆ ನಿಂತು ಪಟ್ಟಿ ಎತ್ತಿ ಕೊಟ್ಟೆ. ಅದಕ್ಕಾಗಿಯೇ ಇದನ್ನು ಬರೆಯುವುದು ಇಷ್ಟು ತಡವಾಯಿತು. ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತಿದೆ.

ನಾವು ನಾಲ್ವರು ಹುಡುಗಿಯರು ಒಂದು ಮನೆಯ ಮೇಲಿನ ಮಹಡಿಯಲ್ಲಿ ಇದ್ದೇವೆ. ಇಬ್ಬರು ಎಂ.ಎ. ಓದುತ್ತಿದ್ದೇವೆ, ಇಬ್ಬರು ಕೆಪಿಎಸ್‌ಸಿ ಪರೀಕ್ಷೆಗೆ ತಯಾರಿ ನಡೆಸಿದ್ದಾರೆ. ಎಲ್ಲರೂ ಹಳ್ಳಿಯಿಂದ ಬಂದವರು. ನನ್ನ ಅಪ್ಪ ಹಾವೇರಿ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆದು ಮಾರಿ ನನಗೆ ತಿಂಗಳ ಖರ್ಚು ಕಳಿಸುತ್ತಾರೆ. ಇಂಟರ್ನೆಟ್ ಎಂದರೆ ನಮಗೆ ಮೊಬೈಲಿನಲ್ಲಿ ದಿನಕ್ಕೆ ಸಿಗುವ ಒಂದೂವರೆ ಜಿಬಿ, ಅಷ್ಟೇ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋದಲ್ಲಿ 28 ದಿನಗಳ ಆ ರೀಚಾರ್ಜ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ಎರಡು ಗಂಟೆ ಆನ್‌ಲೈನ್ ತರಗತಿ, ಸ್ವಲ್ಪ ಪಾಠದ ವಿಡಿಯೋ, ಸಂಜೆಯ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ಆಮೇಲೆ ಬರುವ 64 ಕೆಬಿಪಿಎಸ್ ವೇಗದಲ್ಲಿ ಒಂದು ಫೋಟೋ ತೆರೆದುಕೊಳ್ಳುವುದಕ್ಕೂ ಕಾಯಬೇಕು. ಮನೆಯವರಿಗೆ ವಿಡಿಯೋ ಕರೆ ಮಾಡಬೇಕಾದರೂ ರಾತ್ರಿ ಹನ್ನೆರಡು ದಾಟಬೇಕು. ಅಷ್ಟು ಹೊತ್ತಿಗೆ ಹಳ್ಳಿಯಲ್ಲಿ ಯಾರು ಎದ್ದಿರುತ್ತಾರೆ?

ಇನ್ನೊಂದು ಕಾರಣ ಕ್ರಿಕೆಟ್. ಮುಚ್ಚಿಡುವುದಿಲ್ಲ. 2023 ಮತ್ತು 2024ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾದಲ್ಲಿ ಉಚಿತವಾಗಿ ನೋಡಿದ್ದೆವು. 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು, ಪೂರ್ತಿ ಪಂದ್ಯ ನೋಡಲು ಚಂದಾ ಬೇಕಾಯಿತು. ಮಾರ್ಚ್ 22ಕ್ಕೆ ಆರ್‌ಸಿಬಿಯ ಮೊದಲ ಪಂದ್ಯ. ಸರಿಯಾಗಿ ಅದೇ ತಿಂಗಳಲ್ಲಿ ಇಂಟರ್ನೆಟ್ ಸಂಪರ್ಕ ಕೊಡುವ ಆ ಹುಡುಗ ಬಂದ.

ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಕೇಬಲ್ ಸುರುಳಿ. ನಮ್ಮ ಓಣಿಯ ಎರಡು ಮನೆಗಳಿಗೆ ಅವನೇ ಫೈಬರ್ ಎಳೆದಿದ್ದ, ನಾವು ಕಣ್ಣಾರೆ ನೋಡಿದ್ದೆವು. ಕೆಳಗಿನ ಮನೆಯ ಕಾಕು ಕೂಡ "ಕೆಲಸದ ಹುಡುಗ ಒಳ್ಳೆಯವನು" ಎಂದರು. ಕಂಪನಿಯ ಯೋಜನೆ ತಿಂಗಳಿಗೆ 499, ಅದರ ಮೇಲೆ 18% ಜಿಎಸ್‌ಟಿ. ಅಂದರೆ ಸುಮಾರು 589. ಆರು ತಿಂಗಳಿಗೆ 3,533. ಅವನು ಹೇಳಿದ್ದು 3,000. ರೂಟರ್ ಠೇವಣಿ 1,000 ಬೇರೆ, ಬಿಡುವಾಗ ವಾಪಸ್. ನಾಲ್ವರಿಗೆ ತಲಾ ಒಂದು ಸಾವಿರ. ಕೊಪ್ಪಳದ ಗೆಳತಿ ಬೇಡವೆಂದಳು, "ತಿಂಗಳು ತಿಂಗಳು ಕಟ್ಟೋಣ" ಎಂದಳು. ಅವಳ ಮಾತು ಕೇಳಬೇಕಿತ್ತು. ಒಪ್ಪಿಸಿದವಳು ನಾನು.

ಮಾರ್ಚ್ 11ರ ಸಂಜೆ ಸಂಪರ್ಕ ಕೊಟ್ಟ. ಹಣ ಹಾಕಲು ಅವನ ಮೊಬೈಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಈ ಒಂದು ಕ್ಷಣವನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಪರದೆಯ ಮೇಲೆ ಕಂಪನಿಯ ಹೆಸರು ಬರಲಿಲ್ಲ, ಒಬ್ಬ ವ್ಯಕ್ತಿಯ ಹೆಸರು ಬಂತು. ನಾನು ಅದನ್ನು ಓದಿದೆ. ಬಾಯಿ ಬಿಟ್ಟು ಕೇಳಿದೆ ಕೂಡ: "ಅಣ್ಣಾ, ಇದು ನಿಮ್ಮ ಸ್ವಂತ ಖಾತೆಯಲ್ಲವೇ?"

"ಹೌದು ಅಕ್ಕಾ. ಕಂಪನಿ ಖಾತೆಗೆ ಹಾಕಿದರೆ ಜಿಎಸ್‌ಟಿ ಬೀಳುತ್ತದೆ. ನನಗೆ ಹಾಕಿದರೆ ನಿಮಗೆ 500 ಉಳಿಯುತ್ತದೆ. ಓದುವ ಮಕ್ಕಳು ಎಂದು ಮಾಡಿಕೊಡುತ್ತಿದ್ದೇನೆ."

ಪಿನ್ ಒತ್ತಿದೆ. ತಪ್ಪೆಂದು ಗೊತ್ತಿದ್ದೂ 500 ರೂಪಾಯಿ ಉಳಿಯಿತೆಂದು ಸಂತೋಷಪಟ್ಟೆ. ಅವನು ನೋಟ್‌ಬುಕ್ಕಿನ ಹಾಳೆಯ ಮೇಲೆ "6 ತಿಂಗಳು, 4,000 ಸಂದಾಯ" ಎಂದು ಬರೆದು ಸಹಿ ಹಾಕಿ ಕೊಟ್ಟ. ಮೊಹರಿಲ್ಲ, ಗ್ರಾಹಕ ಸಂಖ್ಯೆಯಿಲ್ಲ. ನನ್ನ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡ. ಪಂದ್ಯದ ಆ್ಯಪ್‌ಗೆ ಒಂದು ಇಮೇಲ್ ಮತ್ತು ಪಾಸ್‌ವರ್ಡ್ ಅದೇ ಹಾಳೆಯ ಹಿಂದೆ ಬರೆದುಕೊಟ್ಟು, "ಪಾಸ್‌ವರ್ಡ್ ಮಾತ್ರ ಬದಲಾಯಿಸಬೇಡಿ" ಎಂದ. ನಮ್ಮದೇ ಚಂದಾ ಆದರೆ ನಮ್ಮದೇ ಮೊಬೈಲ್ ಸಂಖ್ಯೆಗೆ ಒಟಿಪಿ ಬರಬೇಕಲ್ಲವೇ? ಆಗ ಹೊಳೆಯಲಿಲ್ಲ.

ಆ್ಯಪ್ ತೆರೆದಾಗ ಅದರಲ್ಲಿ "ಅಪ್ಪ", "ಚಿನ್ನು" ಎಂಬ ಎರಡು ಪ್ರೊಫೈಲ್‌ಗಳಿದ್ದವು. ಚಿನ್ನುವಿನದರಲ್ಲಿ ಒಂದು ಕಾರ್ಟೂನ್ ಅರ್ಧಕ್ಕೆ ನಿಂತಿತ್ತು. ಇದು ಯಾರದೋ ಮನೆಯದು ಎಂದು ಆಗಲೇ ತಿಳಿಯಬೇಕಿತ್ತು. ನಾವು "ಅಪ್ಪ"ನ ಪ್ರೊಫೈಲ್‌ನಲ್ಲಿ ಪಂದ್ಯ ನೋಡಿದೆವು. ವೇಗ 100 ಎಂಬಿಪಿಎಸ್ ಎಂದಿದ್ದ, ಬಂದಿದ್ದು 40. ನಮಗೆ ಅದು ಸಾಕಾಗಿತ್ತು, ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಒಂದು ತಿಂಗಳು ಬಹಳ ಚೆನ್ನಾಗಿತ್ತು. ಹಗಲು ತರಗತಿ, ಸಂಜೆ ಪಂದ್ಯ, ಒಬ್ಬಳಿಗೆ ರಾತ್ರಿ ಕೊರಿಯಾದ ಧಾರಾವಾಹಿ, ಅಮ್ಮನಿಗೆ ಊಟದ ಹೊತ್ತಿಗೇ ವಿಡಿಯೋ ಕರೆ. ಡೇಟಾ ಎಷ್ಟು ಉಳಿದಿದೆ ಎಂದು ಮತ್ತೆ ಮತ್ತೆ ನೋಡದೆ ಒಂದು ದಿನ ಕಳೆಯುವುದು ಹೇಗಿರುತ್ತದೆಂದು ನಮಗೆ ಮೊದಲ ಸಲ ಗೊತ್ತಾಯಿತು.

ಏಪ್ರಿಲ್ 10ರ ಸಂಜೆ ನಿಂತಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿಗೂ ಡೆಲ್ಲಿಗೂ ಪಂದ್ಯ. ರಾಹುಲ್ ಅಜೇಯ 93 ಹೊಡೆದು ಡೆಲ್ಲಿಯನ್ನು ಗೆಲ್ಲಿಸಿದ್ದನ್ನು ನಾವು ಮರುದಿನ ಪತ್ರಿಕೆಯಲ್ಲಿ ಓದಿದೆವು. ಅವನಿಗೆ ಕರೆ ಮಾಡಿದರೆ, "ಗಟಾರದ ಕೆಲಸದಲ್ಲಿ ಫೈಬರ್ ಕಟ್ ಆಗಿದೆ ಅಕ್ಕಾ, ನಾಳೆ ಸರಿಹೋಗುತ್ತದೆ."

ನಾಳೆ ಸರಿಹೋಗಲಿಲ್ಲ. "ಸರ್ವರ್ ಬದಲಾಯಿಸುತ್ತಿದ್ದಾರೆ." ಮೂರನೆಯ ದಿನ, "ಊರಲ್ಲಿ ಜಾತ್ರೆ, ಬಂದ ಮೇಲೆ ನೋಡುತ್ತೇನೆ."

ಅಷ್ಟರಲ್ಲಿ ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಬಂದು ರೂಟರ್ ನೋಡಿ ಹೇಳಿದ: "ಫೈಬರ್ ಕಟ್ ಆಗಿದ್ದರೆ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗಬೇಕು. ಇಲ್ಲಿ ಪಿಒಎನ್ ದೀಪ ಹಸಿರಾಗಿಯೇ ಇದೆ. ತಂತಿ ಸರಿಯಾಗಿದೆ ಅಕ್ಕಾ, ನಿಮ್ಮ ರೀಚಾರ್ಜ್ ಮುಗಿದಿರಬೇಕು." ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಆ ಹಸಿರು ದೀಪವೊಂದೇ ನಮ್ಮ ರೂಮಿನಲ್ಲಿ ನಿಜ ಹೇಳುತ್ತಿತ್ತು.

ರೀಚಾರ್ಜ್ ಮುಗಿದಿದೆಯೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದೆ. ಅವನು ಕೊಟ್ಟ ಉತ್ತರವನ್ನು ಇನ್ನೂ ಅಳಿಸಿಲ್ಲ: "ನೀವು ನಾಲ್ಕು ಜನ ಹಗಲು ರಾತ್ರಿ ವಿಡಿಯೋ ನೋಡಿದ್ದೀರಿ. ಆರು ತಿಂಗಳ ಡೇಟಾವನ್ನು ಒಂದೇ ತಿಂಗಳಲ್ಲಿ ಮುಗಿಸಿದ್ದೀರಿ. ಇನ್ನೊಂದು 1,500 ಹಾಕಿದರೆ ಚಾಲೂ ಮಾಡಿಸುತ್ತೇನೆ."

ಇದು ಶುದ್ಧ ಸುಳ್ಳು. ಆರು ತಿಂಗಳದ್ದೆಲ್ಲ ಒಟ್ಟಿಗೆ ಕೊಟ್ಟು ಮುಗಿಸುವ ಡೇಟಾ ಅದಲ್ಲ. ಅದರ ಮಿತಿ ತಿಂಗಳಿಗೆ ಇಷ್ಟು ಎಂದಿರುತ್ತದೆ, ಅದು ದಾಟಿದರೂ ವೇಗ ಇಳಿಯುತ್ತದೆಯೇ ಹೊರತು ಸಂಪರ್ಕ ನಿಲ್ಲುವುದಿಲ್ಲ. ಆದರೆ ನಾವು ಆ ಸುಳ್ಳನ್ನು ನಂಬಿದೆವು! ನಂಬಿ ನಮ್ಮನಮ್ಮಲ್ಲೇ ಜಗಳವಾಡಿದೆವು. ರಾತ್ರಿ ಎರಡರವರೆಗೆ ಧಾರಾವಾಹಿ ನೋಡುತ್ತಿದ್ದವಳಿಗೆ, "ನಿನ್ನಿಂದಲೇ ಆಯಿತು" ಎಂದು ನಾನು ಮುಖಕ್ಕೆ ಹೊಡೆದಂತೆ ಅಂದೆ. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. 4,000 ಹೋಗಿದ್ದಕ್ಕಿಂತ ನನಗೆ ಇದೇ ಹೆಚ್ಚು ಸಂಕಟ. ಅವನ ಕಳ್ಳತನಕ್ಕೆ ನಾನು ನನ್ನ ಗೆಳತಿಯನ್ನು ಕಳ್ಳಿಯಂತೆ ನಿಲ್ಲಿಸಿದೆ.

ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ ನನ್ನ ಮೊಬೈಲ್ ಸಂಖ್ಯೆ ಅವರಲ್ಲಿ ಇರಲೇ ಇಲ್ಲ. "ಈ ಸಂಖ್ಯೆಯಲ್ಲಿ ಯಾವ ಸಂಪರ್ಕವೂ ಇಲ್ಲ ಮೇಡಂ" ಎಂದರು. ರೂಟರಿನ ಹಿಂದಿದ್ದ ಸಂಖ್ಯೆ ಓದಿ ಹೇಳಿದ ಮೇಲೆ ಬಯಲಾಯಿತು. ಹೆಸರು ನನ್ನದು, ಆಧಾರ್ ನನ್ನದು, ಮೊಬೈಲ್ ಸಂಖ್ಯೆ ಅವನದು! ಬಿಲ್ಲು, ಅವಧಿ ಮುಗಿಯುವ ಸಂದೇಶ, ಒಟಿಪಿ, ಎಲ್ಲವೂ ಅವನಿಗೇ ಹೋಗುತ್ತಿದ್ದವು. ಕಟ್ಟಿದ್ದು ಒಂದೇ ತಿಂಗಳು, 589 ರೂಪಾಯಿ. ಉಳಿದ 3,411 ಅವನ ಜೇಬಿಗೆ. ರೂಟರಿಗೆ ಠೇವಣಿ ಎಂಬುದೇ ಇಲ್ಲವಂತೆ. ಆ ಯೋಜನೆಯ ಜೊತೆ ಯಾವ ಆ್ಯಪ್ ಕೂಡ ಬರುವುದಿಲ್ಲವಂತೆ.

ಹಾಗಾದರೆ ನಾವು ನೋಡಿದ್ದು ಯಾರ ಚಂದಾ? ಫೋನ್ ಇಟ್ಟ ಮೇಲೆ ನನಗೆ ಆ ಅರ್ಧಕ್ಕೆ ನಿಂತ ಕಾರ್ಟೂನ್ ನೆನಪಾಯಿತು. ಹೊಟ್ಟೆಯಲ್ಲಿ ಕಲಸಿದಂತಾಯಿತು. ಬಹುಶಃ ಅವನ ಹತ್ತಿರವೇ ಸಂಪರ್ಕ ಪಡೆದ ಇನ್ನೊಂದು ಮನೆಯದು. ಮೋಸಹೋದವರು ನಾವು, ಆದರೆ ಗೊತ್ತಿಲ್ಲದೆ ಇನ್ನೊಬ್ಬರ ಮನೆಯೊಳಗೆ ನುಗ್ಗಿ ಕುಳಿತವರೂ ನಾವೇ.

ಕಂಪನಿಯವರು ಹೇಳಿದ್ದು: "ಅವನು ನಮ್ಮ ನೌಕರನಲ್ಲ, ಫ್ರಾಂಚೈಸಿಯವರನ್ನು ಕೇಳಿ." ಫ್ರಾಂಚೈಸಿಯವರು ಹೇಳಿದ್ದು: "ಅವನು ಮಾರ್ಚ್ ಕೊನೆಗೇ ಕೆಲಸ ಬಿಟ್ಟ. ಅವನ ಖಾತೆಗೆ ಹಾಕಿ ಎಂದು ನಾವು ಹೇಳಿದ್ದೆವೇ?" ಆಮೇಲೆ ಒಬ್ಬ ಬಂದು ರೂಟರ್ ಬಿಚ್ಚಿಕೊಂಡು ಹೋದ. ಗೋಡೆಗೆ ಹೊಡೆದ ಕ್ಲಿಪ್ಪುಗಳು ಮಾತ್ರ ಉಳಿದಿವೆ.

ಕೊನೆಗೆ ಅವನಿಗೆ ಪೊಲೀಸರ ಹೆಸರು ಹೇಳಿದೆ. ಅವನ ಕೊನೆಯ ಸಂದೇಶ ಇದು: "ಹೋಗಿ ಕೊಡಿ. ಓದಲು ಬಂದ ಹುಡುಗಿಯರು ರಾತ್ರಿಯೆಲ್ಲ ಏನು ನೋಡುತ್ತಿದ್ದರು ಎಂದು ನಿಮ್ಮ ಮನೆಯವರಿಗೂ ಹೇಳುತ್ತೇನೆ." ಆಧಾರ್ ಪ್ರತಿಯಲ್ಲಿ ನಮ್ಮ ಹಳ್ಳಿಯ ವಿಳಾಸವಿದೆ. ನಾವು ನೋಡಿದ್ದು ಕ್ರಿಕೆಟ್, ಧಾರಾವಾಹಿ. ಅದರಲ್ಲಿ ಹೆದರುವಂಥದ್ದು ಏನಿತ್ತು? ಏನೂ ಇರಲಿಲ್ಲ. ಆದರೂ ಹೆದರಿದೆ. "ಓದು ಬಿಟ್ಟು ಪಂದ್ಯ ನೋಡುತ್ತಿದ್ದೆಯಾ" ಎಂದು ಅಪ್ಪ ಕೇಳಿದರೆ ಏನು ಹೇಳಲಿ ಎಂದು ಮೂರು ವಾರ ಸುಮ್ಮನಿದ್ದೆ. ಅವನಿಗೆ ಬೇಕಾಗಿದ್ದೂ ಅದೇ. ಕಡೆಗೆ ನಾನೇ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಹೆದರಿಸಿದ್ದನ್ನು ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದರು.

ಮೇ ತಿಂಗಳಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಹಣ ಹೋದ ದಿನ, ವಹಿವಾಟಿನ ಸಂಖ್ಯೆ, ಬ್ಯಾಂಕು ಎಲ್ಲ ಕೇಳಿದರು. ಎರಡು ತಿಂಗಳ ಹಿಂದಿನದು ಎಂದಾಗ, ಇಷ್ಟು ತಡವಾದರೆ ಹಣ ಖಾತೆಯಲ್ಲಿ ಉಳಿದಿರುವುದು ಕಷ್ಟ ಎಂದರು. ಇದುವರೆಗೆ ಒಂದು ರೂಪಾಯಿಯೂ ಬಂದಿಲ್ಲ. ನಿಮಗೆ ಹೀಗಾದರೆ ಆ ಗಂಟೆಯಲ್ಲೇ ಕರೆ ಮಾಡಿ, ನನ್ನಂತೆ ಮರ್ಯಾದೆಗೆ ಅಂಜಿ ಕೂರಬೇಡಿ. ಹಣವನ್ನು ಕಂಪನಿಯ ಆ್ಯಪ್‌ನಲ್ಲೇ ಕಟ್ಟಿ, ಎಷ್ಟೇ ರಿಯಾಯಿತಿ ಹೇಳಿದರೂ ಒಬ್ಬ ಮನುಷ್ಯನ ಹೆಸರು ಕಂಡರೆ ಪಿನ್ ಒತ್ತಬೇಡಿ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಅದನ್ನು ಕೊಡಿ. ಆರು ತಿಂಗಳದ್ದು ಯಾರಿಗೂ ಒಮ್ಮೆಲೇ ಕೊಡಬೇಡಿ. ಯಾರಿಗೂ.

ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದ ಪಂದ್ಯವನ್ನು ನಾವು ನಾಲ್ವರೂ ಕೆಳಗೆ ಕಾಕು ಅವರ ಟಿವಿಯಲ್ಲಿ ನೋಡಿದೆವು. ಧಾರಾವಾಹಿಯ ಗೆಳತಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮರುವಾರ ಹಿಂದಿನ ಓಣಿಯ ಹುಡುಗರು ತಮ್ಮ ರಸೀದಿ ತೋರಿಸಿದರು. ಅದೇ ನೋಟ್‌ಬುಕ್ ಹಾಳೆ, ಅದೇ ಸಹಿ, ದಿನಾಂಕ ಮೇ 28. ಕೆಲಸ ಬಿಟ್ಟವನು ಇನ್ನೂ ಅದೇ ಗುರುತಿನ ಚೀಟಿ ಹಾಕಿಕೊಂಡು ತಿರುಗುತ್ತಿದ್ದಾನೆ.

"ಚಿನ್ನು" ಹೆಸರಿನ ಪ್ರೊಫೈಲ್ ಇರುವ ಮನೆಯವರು ಇದನ್ನು ಓದುತ್ತಿದ್ದರೆ: ಏಪ್ರಿಲ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಬದಲಾಯಿತು, ನಮಗೆ ಗೊತ್ತಾಯಿತು. ಬದಲಾಯಿಸಿದ್ದು ನೀವೇ ಆಗಿದ್ದರೆ ಒಳ್ಳೆಯದಾಯಿತು. ಒಂದು ತಿಂಗಳು ನಿಮ್ಮ ಹಣದಲ್ಲಿ ಪಂದ್ಯ ನೋಡಿದ್ದಕ್ಕೆ ಕ್ಷಮಿಸಿ. ಆದರೆ ಕಂಪನಿಗೆ ಇವತ್ತೇ ಕರೆ ಮಾಡಿ, ನಿಮ್ಮ ಸಂಪರ್ಕಕ್ಕೆ ಯಾರ ಮೊಬೈಲ್ ಸಂಖ್ಯೆ ಕೊಟ್ಟಿದ್ದಾರೆಂದು ಕೇಳಿ.